ನಾನೂರು ಮಿಲಿಮೀಟರ್

ಬೈತಖೋಲದ ಐಸ್ ಫ್ಯಾಕ್ಟರಿಯ ಲೆಕ್ಕ ಬರೆಯುವ
ಶೇವಂತಿ ಹರಿಕಂತ್ರ ನನ್ನ ಶೆಡ್ಡಿಗೆ ಬಂದು
ಒಂದು ಚೀಟಿ ಕೊಟ್ಟಳು. ಚೀಟಿಯಲ್ಲಿ ಒಂದು ಕಂಬ,
ಕಂಬದ ಪಕ್ಕ ಮೇಲಕ್ಕೊಂದು ಕೆಳಕ್ಕೊಂದು ಬಾಣ.
"ಇನಾಸಣ್ಣ, ಇದು ಏರಬೇಕು, ಇಳಿಯಬೇಕು.
ಏರಿದ ಮೇಲೆ ಅಲುಗಬಾರದು."

ನಾನು ಟ್ರಾಲರುಗಳ ವಿಂಚು ರಿಪೇರಿಯವನು.
ಏರುವುದೆಲ್ಲ ಅಲುಗುತ್ತದೆ, ಅಂದೆ.
ಬಲೆ ಏರುವಾಗ ಬೋಟೇ ಮಗ್ಗುಲಾಗುತ್ತದೆ.
ಅವಳು ಚಹಾ ಕುಡಿದಳು. ಚೀಟಿ ಮಡಚಲಿಲ್ಲ.

ಸಂಗತಿ ಇಷ್ಟು: ಕೋಡಿಬಾಗದ ಮನೆಯ ತಾರಸಿಯ ಮೇಲೆ
ತಗಡಿನದೊಂದು ಗೂಡು, ಚಕ್ರದ ಮೇಲೆ ಸರಿಯುವ ಮಾಡು,
ಕಡಲ ಗಾಳಿಗೆ ಅಡ್ಡವಾಗಿ ಎದೆಮಟ್ಟದ ಗೋಡೆ,
ಒಳಗೆ, ಎರಡು ಮಳೆಗಾಲ ಕೂತು ತಾನೇ ಉಜ್ಜಿದ
ಎಂಟಿಂಚಿನ ಕನ್ನಡಿಯ ದುರ್ಬೀನು.
ಕಂಬ ಗಿಡ್ಡವಾದರೆ ಗೋಡೆ ಅಡ್ಡ.
ಉದ್ದವಾದರೆ ಮಾಡು ಮುಚ್ಚುವುದಿಲ್ಲ,
ಮುಚ್ಚದಿದ್ದರೆ ಜೂನ್ ಬಿಡುವುದಿಲ್ಲ.
ನಡುವೆ ನಾನೂರು ಮಿಲಿಮೀಟರ್.
ದಕ್ಷಿಣದಲ್ಲಿ, ಆ ನಾನೂರು ಮಿಲಿಮೀಟರಿನ ಹಿಂದೆ,
ತ್ರಿಶಂಕು.

ಯಾರವನು?
ಹೇಳಿದಳು. ದೇಹ ಸಮೇತ ಸ್ವರ್ಗಕ್ಕೆ ಹೊರಟ ರಾಜ,
ಎತ್ತಿದ ಋಷಿ, ಮೇಲಿಂದ ನೂಕಿದ ಇಂದ್ರ,
ತಲೆಕೆಳಗಾಗಿ ಬೀಳುವಾಗ ಕೆಳಗಿಂದೊಂದು ಕೂಗು: ನಿಲ್ಲು!
ನಿಂತ. ಇನ್ನೂ ಅಲ್ಲೇ ಇದ್ದಾನಂತೆ.
ಅದು ಲಿಮಿಟ್ ಸ್ವಿಚ್ಚು, ಅಂದೆ ನಾನು.
ಅವಳು ನಕ್ಕ ಮೇಲೆ ಆಗುವುದಿಲ್ಲ ಅನ್ನಲಾಗಲಿಲ್ಲ.

ಕಾಜುಬಾಗದ ಹಲ್ಲಿನ ಡಾಕ್ಟರು ಕುರ್ಚಿ ಬದಲಿಸಿದ್ದರು.
ಹಳೆಯದರ ಬುಡ ನನ್ನ ಮೂಲೆಯಲ್ಲಿತ್ತು:
ಮೋಟರು, ತಿರುಪು, ಒಂದರೊಳಗೊಂದು ಜಾರುವ ಉಕ್ಕಿನ ಕೊಳವೆ.
ಎಷ್ಟು ಜನರನ್ನು ಎತ್ತಿತ್ತೋ,
ಎಲ್ಲರೂ ಬಾಯಿ ತೆರೆದು ಮೇಲೆ ನೋಡಿದವರೇ.
ಇನ್ನು ಮೇಲೆ ಇದೂ ಒಂದು ತೆರೆದ ಬಾಯಿ,
ನೋವಿಲ್ಲ, ಅಷ್ಟೇ.

ಕೊಳವೆಗಳ ಸಂದಿಯಲ್ಲಿ ಒಂದು ಕೂದಲಿನಷ್ಟು ಆಟವಿತ್ತು.
ಕೂದಲೆಂದರೆ ಅಲ್ಲಿ ಮೈಲುಗಟ್ಟಲೆ, ಅಂದಳು.
ಮೀನು ಕೊಯ್ಯುವ ಬಿಳಿ ಪ್ಲಾಸ್ಟಿಕ್ ಹಲಗೆ ಸೀಳಿ
ಪಟ್ಟಿ ಪಟ್ಟಿಯಾಗಿ ತುಂಬಿದೆ. ಗ್ರೀಸು ಹಚ್ಚಿದೆ.
ಒಂದು ತಿಂಗಳಾದರೂ ಬಂಗಡೆಯ ವಾಸನೆ ಹೋಗಲಿಲ್ಲ.

ಏಪ್ರಿಲ್ ಕೊನೆ. ರಾತ್ರಿ ಹತ್ತೂವರೆ.
ಮಾಡು ಸರಿಸಿ ಅವಳು ಗುಂಡಿ ಒತ್ತಿದಳು.
ಹಲ್ಲು ಕೀಳುವಾಗಿನ ಅದೇ ಮೆಲು ಗುಂಯ್.
ಗೋಡೆ ನಿಧಾನ ಮುಳುಗಿತು, ಭರತದಲ್ಲಿ ಬಂಡೆ ಮುಳುಗಿದಂತೆ.
ನೌಕಾನೆಲೆಯ ಬೆಳಕು ದಕ್ಷಿಣದ ಅಂಚಿಗೆ ಹಳದಿ ಬಳಿದಿತ್ತು,
ಅದರ ಮೇಲೆ ನಾಲ್ಕು ಚುಕ್ಕಿ.
ಅವಳಿಗೆ ತಲೆಕೆಳಗಾದ ರಾಜ.
ಇಗರ್ಜಿಗೆ ಹೋಗುವ ನನಗೆ ಶಿಲುಬೆ.
ವಾದ ಮಾಡಲಿಲ್ಲ.

"ಬುಡದ ಚುಕ್ಕಿ ನೋಡು. ಅದು ಒಂದಲ್ಲ, ಎರಡು."
ನೋಡಿದೆ. ಗೀರಿದ ಬೆಂಕಿಕಡ್ಡಿಯ ಹಾಗೆ ಒಂದು ಎಳೆ,
ನಡುಗುವ ಎಳೆ.
ಅಲುಗುತ್ತಿದೆ, ಅಂದೆ. ಹೇಳಿದ್ದೆನಲ್ಲ,
ಏರುವುದೆಲ್ಲ,
ಕೆಳಗೆ ನಿನ್ನ ಅತ್ತಿಗೆ ಮಿಕ್ಸರ್ ತಿರುಗಿಸುತ್ತಿರಬೇಕು,
ಇಲ್ಲ ಹೆದ್ದಾರಿಯಲ್ಲಿ ಲಾರಿ, ಇಲ್ಲ ಆ ಪಟ್ಟಿಗಳೇ.

"ಕೈ ತೆಗೆ, ಇನಾಸಣ್ಣ."

ಕಂಬದ ಮೇಲೆ ನನ್ನ ಕೈ ಇತ್ತು.
ಯಾವಾಗ ಇಟ್ಟೆನೋ. ಮೂವತ್ತು ವರ್ಷದ ರೂಢಿ,
ಏರುವ ಕಬ್ಬಿಣಕ್ಕೆ ಅಂಗೈ ಕೊಟ್ಟು ನಿಲ್ಲುವುದು.
ತೆಗೆದೆ. ಎಣಿಸು, ಅಂದಳು. ಎಣಿಸಿದೆ.
ಏಳಕ್ಕೆ ಎಳೆ ಕುಗ್ಗಿತು, ಒಂಬತ್ತಕ್ಕೆ ದುಂಡಗಾಯಿತು,
ಹನ್ನೊಂದಕ್ಕೆ ಒಂದು ಸಂದು ಬಿಟ್ಟುಕೊಂಡು
ಎರಡಾಯಿತು.
ನಾನು ಉಸಿರು ಬಿಟ್ಟಾಗಲೂ ಎರಡೇ ಇತ್ತು.

ಮರುದಿನ ಬಂದರಿನಲ್ಲಿ ಹೊಸ ವಿಂಚು ತಿರುಗಿಸುವಾಗ
ಕೈ ತಾನಾಗಿ ಹಿಂದೆ ಸರಿಯಿತು.
ಸ್ಪ್ಯಾನರ್ ಹಿಡಿದ ಹುಡುಗ ಕೇಳಿದ,
ಏನಾಯ್ತು, ಕರೆಂಟ್ ಹೊಡೀತಾ?